ಹೊಸ ಮನೆಯ ತಾರಸಿಗೆ ಸೋಲಾರ್: ಕೊಟೇಶನ್‌ಗೆ ಸಹಿ ಹಾಕುವ ಮುನ್ನ



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಗರ್ಭಧಾರಣೆ, ಕರುಗಳ ಆರೈಕೆಯ ಬಗ್ಗೆ ಬರೆಯುತ್ತೇನೆ. ಈ ಸಲ ವಿಷಯ ಸ್ವಲ್ಪ ಬೇರೆ. ಕಳೆದ ಕೆಲವು ತಿಂಗಳುಗಳಿಂದ ಹಸು ನೋಡಲು ಹೋದ ಮನೆಗಳಲ್ಲಿ, "ಡಾಕ್ಟ್ರೇ, ಇದನ್ನೊಂದು ಸಲ ನೋಡಿ ಹೇಳಿ" ಎಂದು ಸೋಲಾರ್ ಕಂಪನಿಯವರು ಕೊಟ್ಟ ಕೊಟೇಶನ್ ಕಾಗದವನ್ನು ಕೈಗೆ ಕೊಡುವ ಅಕ್ಕಂದಿರು ಹೆಚ್ಚಾಗಿದ್ದಾರೆ. ಹೆಚ್ಚಿನವರದು ಹೊಸದಾಗಿ ಕಟ್ಟಿದ ಮನೆ. ಗೃಹಪ್ರವೇಶದ ಖರ್ಚು ಮುಗಿಯುವ ಮೊದಲೇ ಇನ್ನೂ ಎರಡು ಲಕ್ಷದ ಮಾತು. ಆ ಹಣ ಕೊನೆಗೆ ಬರುವುದು ಹಾಲಿನ ಬಟವಾಡೆಯಿಂದಲೇ. ಹಾಗಾಗಿ ಇದು ನಮ್ಮ ಪತ್ರಿಕೆಗೆ ಹೊರಗಿನ ವಿಷಯವೇನೂ ಅಲ್ಲ.

ಇಡೀ ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಘದಲ್ಲಿ ಹಾಲಿಗೆ ಬೆಲೆ ಕಟ್ಟುವಾಗ ಬರೀ ಲೀಟರ್ ನೋಡುವುದಿಲ್ಲ, ಜಿಡ್ಡು ಮತ್ತು ಎಸ್‌ಎನ್‌ಎಫ್ ಕೂಡ ನೋಡುತ್ತಾರೆ. ಸೋಲಾರ್ ಕೊಟೇಶನ್ ಕೂಡ ಹಾಗೆಯೇ. ಕೆಳಗೆ ದಪ್ಪಕ್ಷರದಲ್ಲಿ ಬರೆದ ಬೆಲೆಯನ್ನು ಮಾತ್ರ ನೋಡಿ ತೀರ್ಮಾನ ಮಾಡಬಾರದು. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಯೂನಿಟ್ ಬೇಕು, ಅದರಲ್ಲಿ ಎಷ್ಟಕ್ಕೆ ನೀವು ನಿಜವಾಗಿ ದುಡ್ಡು ಕಟ್ಟುತ್ತಿದ್ದೀರಿ ಎಂಬ ಎರಡು ಸಂಖ್ಯೆ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಯಾವ ಕೊಟೇಶನ್ನೂ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಬರುವುದಿಲ್ಲ.

1. ಮೊದಲು ನಿಮ್ಮ ಬಳಕೆಯನ್ನು ಬರೆಯಿರಿ

ಹಳೆಯ ಮನೆಯಾದರೆ ಹನ್ನೆರಡು ತಿಂಗಳ ಬಿಲ್ ತೆಗೆದು ನೋಡಿದರೆ ಸಾಕು. ಹೊಸ ಮನೆಗೆ ಹಳೆಯ ಬಿಲ್ ಇರುವುದಿಲ್ಲ. ಆದ್ದರಿಂದ ಕಂಪನಿಯವರು ತಾರಸಿ ಅಳತೆ ಮಾಡಿ, "ನಿಮ್ಮ ತಾರಸಿಗೆ 3 ಕಿಲೋವ್ಯಾಟ್ ಆರಾಮಾಗಿ ಕೂರುತ್ತದೆ" ಎನ್ನುತ್ತಾರೆ. ತಾರಸಿಗೆ ಎಷ್ಟು ಹಿಡಿಸುತ್ತದೆ ಎನ್ನುವುದು ಬೇರೆ, ಮನೆಗೆ ಎಷ್ಟು ಬೇಕು ಎನ್ನುವುದು ಬೇರೆ. ಕೊಟ್ಟಿಗೆ ದೊಡ್ಡದಿದೆ ಎಂದು ಮೇವಿಲ್ಲದೆ ಹತ್ತು ಹಸು ತರುತ್ತೇವೆಯೇ?

ಲೆಕ್ಕ ಕಷ್ಟವೇನಿಲ್ಲ. ಯಂತ್ರದ ಮೇಲೆ ಬರೆದ ವ್ಯಾಟನ್ನು ದಿನಕ್ಕೆ ಓಡುವ ಗಂಟೆಯಿಂದ ಗುಣಿಸಿ, 1000ದಿಂದ ಭಾಗಿಸಿದರೆ ದಿನದ ಯೂನಿಟ್ ಸಿಗುತ್ತದೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್, ಅಂದರೆ ಸುಮಾರು ಮುಕ್ಕಾಲು ಕಿಲೋವ್ಯಾಟ್. ಮೂರು ನಾಲ್ಕು ಹಸು ಇರುವ ಒಂದು ಮನೆಯ ಲೆಕ್ಕ ಹೀಗಿರಬಹುದು:

- 2 ಎಚ್‌ಪಿ ಮೇವು ಕತ್ತರಿಸುವ ಯಂತ್ರ, ದಿನಕ್ಕೆ ಅರ್ಧ ಗಂಟೆ: ತಿಂಗಳಿಗೆ 22 ಯೂನಿಟ್
- 1 ಎಚ್‌ಪಿ ಹಾಲು ಕರೆಯುವ ಯಂತ್ರ, ಎರಡೂ ಹೊತ್ತು ಸೇರಿ ಒಂದು ಗಂಟೆ: 22 ಯೂನಿಟ್
- 2 ಕಿಲೋವ್ಯಾಟ್ ಗೀಸರ್, ದಿನಕ್ಕೆ ಅರ್ಧ ಗಂಟೆ: 30 ಯೂನಿಟ್
- ಫ್ರಿಜ್: 25 ಯೂನಿಟ್
- ಮನೆಯ ಫ್ಯಾನುಗಳು, ಕೊಟ್ಟಿಗೆ ಫ್ಯಾನ್: 50 ಯೂನಿಟ್
- ದೀಪ, ಟಿವಿ, ಮಿಕ್ಸಿ, ಮೊಬೈಲ್: 25 ಯೂನಿಟ್
- ಸಂಪಿನಿಂದ ಟ್ಯಾಂಕಿಗೆ 1 ಎಚ್‌ಪಿ ಮೋಟಾರ್, ಅರ್ಧ ಗಂಟೆ: 11 ಯೂನಿಟ್

ಒಟ್ಟು 185 ಯೂನಿಟ್. ಇದು ಉದಾಹರಣೆ ಮಾತ್ರ. ನಿಮ್ಮ ಮನೆಯ ಪಟ್ಟಿಯನ್ನು ನೀವೇ ಬರೆಯಿರಿ. ಬೇರೆ ಮೀಟರ್‌ನಲ್ಲಿ ಓಡುವ ಯಂತ್ರವನ್ನು ಈ ಪಟ್ಟಿಗೆ ಸೇರಿಸಬೇಡಿ. ಮನೆಯ ಮೀಟರ್‌ಗೆ ಹಾಕಿದ ಸೋಲಾರ್ ಮನೆಯ ಮೀಟರ್‌ನ ಬಿಲ್ಲನ್ನು ಮಾತ್ರ ಇಳಿಸುತ್ತದೆ.

2. ಗೃಹಜ್ಯೋತಿಯನ್ನು ಮರೆಯಬೇಡಿ

ಕಂಪನಿಯವರು ಸಾಮಾನ್ಯವಾಗಿ ಹೇಳದ ವಿಷಯ ಇದು. ನಮ್ಮ ರಾಜ್ಯದಲ್ಲಿ 2023ರ ಜುಲೈ ತಿಂಗಳ ಬಳಕೆಯಿಂದ ಗೃಹಜ್ಯೋತಿ ಜಾರಿಯಲ್ಲಿದೆ. ನಿಮ್ಮ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ, 200 ಯೂನಿಟ್ ಮೀರದಂತೆ, ನಿಮ್ಮ ಮನೆಯ ಅರ್ಹತೆಯನ್ನು ನಿಗದಿ ಮಾಡುತ್ತಾರೆ. ಆ ಅರ್ಹತೆಯೊಳಗೆ ಇದ್ದರೆ ಬಿಲ್ ಸೊನ್ನೆ. ಅದನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಹೊಸ ಮನೆಗೆ ಹಿಂದಿನ ವರ್ಷದ ಸರಾಸರಿ ಇಲ್ಲದ ಕಾರಣ, ರಾಜ್ಯದ ಸರಾಸರಿ 53 ಯೂನಿಟ್‌ಗೆ ಶೇ 10 ಸೇರಿಸಿ 58 ಯೂನಿಟ್ ಎಂದು ಶುರು ಮಾಡುತ್ತಾರೆ. ಹನ್ನೆರಡು ತಿಂಗಳ ಬಳಕೆ ದಾಖಲಾದ ಮೇಲೆ ನಿಮ್ಮ ಸ್ವಂತ ಸರಾಸರಿ ಲೆಕ್ಕಕ್ಕೆ ಬರುತ್ತದೆ.

ಇದರ ಪರಿಣಾಮ ನೋಡಿ. ಮೇಲಿನ 185 ಯೂನಿಟ್ ಮನೆಗೆ ಮೊದಲ ವರ್ಷ 58 ಕಳೆದು 127 ಯೂನಿಟ್‌ಗೆ ಬಿಲ್ ಬರುತ್ತದೆ. 2025-26ರ ದರದಲ್ಲಿ ಮನೆ ಬಳಕೆಯ ಯೂನಿಟ್‌ಗೆ 5 ರೂ. 80 ಪೈಸೆ. ಸರ್‌ಚಾರ್ಜ್, ತೆರಿಗೆ ಸೇರಿದರೆ ಆರೂವರೆ ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ. ತಿಂಗಳಿಗೆ 825 ರೂಪಾಯಿ ಆಯಿತು. ಈ ಬಿಲ್ ತೋರಿಸಿಯೇ ಸೋಲಾರ್ ಮಾರುತ್ತಾರೆ. ಆದರೆ ಒಂದು ವರ್ಷ ಕಳೆದ ಮೇಲೆ ಅದೇ ಮನೆಯ ಅರ್ಹತೆ 200 ಯೂನಿಟ್‌ಗೆ ಏರಿ, 185 ಯೂನಿಟ್ ಬಳಕೆಗೆ ಬಿಲ್ ಸೊನ್ನೆ ಆಗಬಹುದು. ಸೊನ್ನೆ ಬಿಲ್ಲನ್ನು ಸೋಲಾರ್ ಇನ್ನೆಷ್ಟು ಇಳಿಸೀತು?

ಆದ್ದರಿಂದ ಕೊಟೇಶನ್ ತೆಗೆದುಕೊಳ್ಳುವ ಮೊದಲು ನಿಮ್ಮ ಎಸ್ಕಾಂ ಉಪವಿಭಾಗ ಕಚೇರಿಗೆ ಹೋಗಿ. ಆರ್‌ಆರ್ ನಂಬರ್ ಹೇಳಿ ಎರಡು ವಿಷಯ ಕೇಳಿ: ಈಗ ನನ್ನ ಗೃಹಜ್ಯೋತಿ ಅರ್ಹತೆ ಎಷ್ಟು ಯೂನಿಟ್? ಸೋಲಾರ್ ಹಾಕಿಸಿದ ಮೇಲೆ ಅದನ್ನು ಹೇಗೆ ಲೆಕ್ಕ ಹಾಕುತ್ತೀರಿ? ಉತ್ತರವನ್ನು ಕೊಟೇಶನ್ ಹಿಂಬದಿಯಲ್ಲೇ ಬರೆದುಕೊಳ್ಳಿ.

3. ಒಂದು ಕಿಲೋವ್ಯಾಟ್ ಎಷ್ಟು ಕೊಡುತ್ತದೆ?

ಹಸು ಮಾರುವ ದಲ್ಲಾಳಿ ಯಾವ ದಿನದ ಹಾಲು ಹೇಳುತ್ತಾನೆ? ಕರು ಹಾಕಿ ಒಂದೂವರೆ ಎರಡು ತಿಂಗಳಲ್ಲಿ ಹಾಲು ಏರಿರುವ ದಿನದ್ದನ್ನು. ಬತ್ತುವ ತಿಂಗಳ ಹಾಲು ಹೇಳುವುದಿಲ್ಲ. ನಾವು ಮಾತ್ರ ಇಡೀ ಸೂಲಿನ ಹಾಲು ಎಷ್ಟು ಎಂದು ಕೇಳಬೇಕು.

ಸೋಲಾರ್‌ನಲ್ಲೂ ಅದೇ ನಿಯಮ. ಮಾರ್ಚ್, ಏಪ್ರಿಲ್ ಬಿಸಿಲಿನ ಒಂದು ಒಳ್ಳೆಯ ದಿನ 1 ಕಿಲೋವ್ಯಾಟ್ ಪ್ಯಾನೆಲ್ 5 ಯೂನಿಟ್ ಕೊಡಬಹುದು. ಆಷಾಢದ ಮೋಡದಲ್ಲಿ ಅದರ ಅರ್ಧವೂ ಬರದ ದಿನಗಳಿರುತ್ತವೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಇಳಿಕೆ ಇನ್ನೂ ಜಾಸ್ತಿ. ವರ್ಷ ಪೂರ್ತಿ ಸರಾಸರಿ ತೆಗೆದರೆ ನಮ್ಮ ರಾಜ್ಯದಲ್ಲಿ 1 ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ ಸುಮಾರು 120 ಯೂನಿಟ್ ಎಂದು ಹಿಡಿಯುವುದು ಸುರಕ್ಷಿತ. ಕೊಟೇಶನ್‌ನಲ್ಲಿ ಇದಕ್ಕಿಂತ ತುಂಬಾ ಹೆಚ್ಚು ಬರೆದಿದ್ದರೆ, "ಇದು ವರ್ಷದ ಸರಾಸರಿಯೋ, ಬೇಸಿಗೆಯ ಲೆಕ್ಕವೋ?" ಎಂದು ಕೇಳಿ.

ಜಾಗದ ಲೆಕ್ಕ: 1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ತಾರಸಿ ಬೇಕು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ಓರೆಯಾಗಿರಬೇಕು. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಮೂರು ಸಲ ತಾರಸಿ ಹತ್ತಿ ನೋಡಿ. ತೆಂಗಿನ ಮರ, ನೀರಿನ ಟ್ಯಾಂಕ್, ಮೆಟ್ಟಿಲಿನ ಕೋಣೆ, ಪಕ್ಕದ ಮನೆ ಎಲ್ಲಿಗೆ ನೆರಳು ಚೆಲ್ಲುತ್ತವೆ ಎಂದು ಸೀಮೆಸುಣ್ಣದಿಂದ ಗುರುತು ಹಾಕಿ. ಒಂದು ಪ್ಯಾನೆಲ್ ಮೇಲೆ ಬಿದ್ದ ನೆರಳು ಅದರ ಜೊತೆ ಜೋಡಿಸಿದ ಬೇರೆ ಪ್ಯಾನೆಲ್‌ಗಳ ಉತ್ಪಾದನೆಯನ್ನೂ ಎಳೆಯಬಲ್ಲದು.

ಹೊಸ ಮನೆಯವರು ಇನ್ನೊಂದು ಮಾತು ಯೋಚಿಸಬೇಕು. ಮೂರು ನಾಲ್ಕು ವರ್ಷದಲ್ಲಿ ಮೇಲೆ ಒಂದು ಅಂತಸ್ತು ಕಟ್ಟುವ ಇರಾದೆ ಇದ್ದರೆ ಪ್ಯಾನೆಲ್ ಬಿಚ್ಚಿ, ಮತ್ತೆ ಕೂರಿಸುವ ಖರ್ಚು ನಿಮ್ಮ ತಲೆಗೇ ಬರುತ್ತದೆ.

4. ಎರಡು ಮನೆ, ಒಂದೇ ಕೊಟೇಶನ್

3 ಕಿಲೋವ್ಯಾಟ್‌ಗೆ 2,10,000 ರೂಪಾಯಿ ಎಂದು ಒಂದು ಕೊಟೇಶನ್ ಬಂದಿದೆ ಎಂದುಕೊಳ್ಳೋಣ. ಸಬ್ಸಿಡಿ 78,000 ಕಳೆದರೆ 1,32,000. ಇದು ವರ್ಷಕ್ಕೆ ಸುಮಾರು 4,380 ಯೂನಿಟ್ ಕೊಡುತ್ತದೆ. ಮನೆಗೆ ಬೇಕಾಗದೆ ಲೈನಿಗೆ ಹೋದ ಯೂನಿಟ್‌ಗೆ ಎಸ್ಕಾಂ ಕೊಡುವ ದರ ನಾವು ಕೊಳ್ಳುವ ದರಕ್ಕಿಂತ ಸಾಕಷ್ಟು ಕಡಿಮೆ. ಲೆಕ್ಕಕ್ಕೆ ಎರಡೂವರೆ ರೂಪಾಯಿ ಎಂದು ಇಟ್ಟುಕೊಳ್ಳೋಣ.

ಮೊದಲ ಮನೆ. ತಿಂಗಳಿಗೆ 185 ಯೂನಿಟ್ ಬಳಕೆ, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಸೋಲಾರ್‌ನಿಂದ ಬಿಲ್ಲಿನಲ್ಲಿ ಉಳಿತಾಯವೇ ಇಲ್ಲ. ವರ್ಷದ ಬಳಕೆ 2,220 ಯೂನಿಟ್ ಹೋಗಿ ಉಳಿದ 2,160 ಯೂನಿಟ್‌ಗೆ 5,400 ರೂಪಾಯಿ ಬರುತ್ತದೆ. ಹಾಕಿದ 1,32,000 ವಾಪಸ್ ಬರಲು 24 ವರ್ಷ. ಈ ಮನೆಗೆ ಈಗ ಸೋಲಾರ್ ಲಾಭವಲ್ಲ. ಅದೇ ಹಣದಲ್ಲಿ ಒಳ್ಳೆಯ ತಳಿಯ ಒಂದು ಹಸು ಕಟ್ಟಬಹುದು, ಅಥವಾ ಕೊಟ್ಟಿಗೆಗೆ ರಬ್ಬರ್ ಮ್ಯಾಟ್ ಹಾಕಿಸಬಹುದು.

ಎರಡನೇ ಮನೆ. ಹಸುಗಳು ಹೆಚ್ಚು, ಜನರೂ ಹೆಚ್ಚು. ತಿಂಗಳಿಗೆ 260 ಯೂನಿಟ್. 200 ದಾಟಿದ್ದರಿಂದ ಪೂರ್ತಿ ಬಿಲ್ ಕಟ್ಟಬೇಕು. ವರ್ಷಕ್ಕೆ 3,120 ಯೂನಿಟ್‌ಗೆ 20,280 ರೂಪಾಯಿ. ಇಲ್ಲಿ 3 ಕಿಲೋವ್ಯಾಟ್ ಹಾಕಿದರೆ ಬಿಲ್ ಉಳಿತಾಯ 20,280, ಹೆಚ್ಚುವರಿ 1,260 ಯೂನಿಟ್‌ಗೆ 3,150, ಒಟ್ಟು 23,430. ಹಾಕಿದ ಹಣ ಸುಮಾರು ಐದೂವರೆ ವರ್ಷಕ್ಕೆ ವಾಪಸ್.

ಇದೇ ಮನೆಗೆ 2 ಕಿಲೋವ್ಯಾಟ್ ಸಾಕು ಎಂದು ನೋಡಿದರೆ? ಬೆಲೆ 1,40,000 ಎಂದುಕೊಳ್ಳಿ, ಸಬ್ಸಿಡಿ 60,000 ಹೋಗಿ 80,000. ವರ್ಷಕ್ಕೆ 2,920 ಯೂನಿಟ್, ಉಳಿತಾಯ 18,980. ನಾಲ್ಕು ವರ್ಷ ಮೂರು ತಿಂಗಳಲ್ಲಿ ಹಣ ವಾಪಸ್. ಅಂದರೆ ಮೂರನೆಯ ಕಿಲೋವ್ಯಾಟ್‌ಗೆ ಹೆಚ್ಚಿಗೆ ಹಾಕಿದ 52,000 ರೂಪಾಯಿ ವರ್ಷಕ್ಕೆ ದುಡಿಯುವುದು 4,450 ಮಾತ್ರ. ಅದು ವಾಪಸ್ ಬರಲು ಹತ್ತಿರ ಹತ್ತಿರ ಹನ್ನೆರಡು ವರ್ಷ. "3 ಕಿಲೋವ್ಯಾಟ್ ಹಾಕಿದರೆ ಸಬ್ಸಿಡಿ ಪೂರ್ತಿ ಸಿಗುತ್ತದೆ" ಎಂಬ ಮಾತಿಗೆ ಮರುಳಾಗುವ ಮುನ್ನ ಈ ಲೆಕ್ಕ ಹಾಕಿ ನೋಡಿ.

ಇನ್ನೂ ಒಂದು ನೆನಪಿಡಿ. ಮಂಜೂರಾದ ಲೋಡಿಗೆ ತಕ್ಕಂತೆ ಹಾಕುವ ನಿಗದಿತ ಶುಲ್ಕ ಸೋಲಾರ್ ಹಾಕಿದರೂ ಹೋಗುವುದಿಲ್ಲ. ಸೋಲಾರ್‌ಗಾಗಿ ಲೋಡ್ ಹೆಚ್ಚಿಸಬೇಕಾದರೆ ಅದೂ ಏರುತ್ತದೆ.

ಮೊದಲ ಮನೆಯವರು ಏನು ಮಾಡಬೇಕು? ಬೇಸಿಗೆ ಸೇರಿದಂತೆ ಆರೇಳು ತಿಂಗಳ ಬಿಲ್ ಬರಲಿ, ನಿಜವಾದ ಬಳಕೆ ಗೊತ್ತಾಗಲಿ. ಗಾರೆ ಕೆಲಸ ಇನ್ನೂ ನಡೆಯುತ್ತಿದ್ದರೆ ತಾರಸಿಯಿಂದ ಮೀಟರ್ ಬೋರ್ಡ್‌ವರೆಗೆ ಒಂದು ಖಾಲಿ ಪೈಪ್ ಹಾಕಿಸಿಬಿಡಿ. ಮುಂದೆ ಗೋಡೆ ಕೊರೆಯುವ ಕೆಲಸ ತಪ್ಪುತ್ತದೆ. ಕೇಂದ್ರದ ಸಬ್ಸಿಡಿ ಯೋಜನೆಯ ಅವಧಿ 2026-27ನೇ ಆರ್ಥಿಕ ವರ್ಷದವರೆಗೆ ಎಂಬುದೂ ಲೆಕ್ಕದಲ್ಲಿರಲಿ. ಕಾಯುವುದಾದರೆ ಅದರೊಳಗೆ ತೀರ್ಮಾನವಾಗಲಿ.

5. ಸಬ್ಸಿಡಿ: ಎಷ್ಟು, ಯಾರಿಗೆ, ಯಾವಾಗ

2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ. 5 ಕಿಲೋವ್ಯಾಟ್ ಹಾಕಿದರೂ 78,000ವೇ.

ಎಡವುವುದು ಸಾಮಾನ್ಯವಾಗಿ ಈ ಜಾಗಗಳಲ್ಲಿ:

- ಸಬ್ಸಿಡಿ ಮೊದಲು ಬರುವುದಿಲ್ಲ. ಪ್ಯಾನೆಲ್ ಕೂರಿಸಿ, ಎಸ್ಕಾಂನವರು ತಪಾಸಣೆ ಮಾಡಿ, ನೆಟ್ ಮೀಟರ್ ಹಾಕಿ ಚಾಲೂ ಆದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಕೊಟೇಶನ್‌ನಲ್ಲಿ "ನಿಮಗೆ ಬೀಳುವುದು 1,32,000 ಮಾತ್ರ" ಎಂದಿದ್ದರೂ ಮೊದಲು 2,10,000 ಹೊಂದಿಸಬೇಕಾಗಬಹುದು. ಯಾರು ಯಾವಾಗ ಎಷ್ಟು ಕೊಡಬೇಕು ಎಂಬುದನ್ನು ಬರಹದಲ್ಲಿ ಪಡೆಯಿರಿ.
- ಅರ್ಜಿ ಹಾಕುವವರ ಹೆಸರು ಮತ್ತು ವಿದ್ಯುತ್ ಬಿಲ್‌ನಲ್ಲಿರುವ ಹೆಸರು ಒಂದೇ ಆಗಿರಬೇಕು. ಮೀಟರ್ ಮಾವನವರ ಹೆಸರಿನಲ್ಲಿದ್ದು, ಸಾಲ ಮತ್ತು ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲಿದ್ದರೆ ತೊಡಕಾಗುತ್ತದೆ. ಮೊದಲೇ ಸರಿಮಾಡಿಕೊಳ್ಳಿ.
- ಮನೆ ಕಟ್ಟುವಾಗ ಪಡೆದ ತಾತ್ಕಾಲಿಕ ಸಂಪರ್ಕವನ್ನು ಮೊದಲು ಕಾಯಂ ಗೃಹಬಳಕೆ ಸಂಪರ್ಕವಾಗಿ ಬದಲಾಯಿಸಿಕೊಳ್ಳಬೇಕು.
- ಭಾರತದಲ್ಲೇ ತಯಾರಾದ ಸೆಲ್ ಬಳಸಿ ಭಾರತದಲ್ಲೇ ಮಾಡಿದ ಪ್ಯಾನೆಲ್‌ಗೆ ಮಾತ್ರ ಸಬ್ಸಿಡಿ. ಇವುಗಳನ್ನು ಡಿಸಿಆರ್ ಪ್ಯಾನೆಲ್ ಎನ್ನುತ್ತಾರೆ. ಬೇರೆ ಪ್ಯಾನೆಲ್‌ಗಿಂತ ಸ್ವಲ್ಪ ದುಬಾರಿ. ಕೊಟೇಶನ್‌ನಲ್ಲಿ ಡಿಸಿಆರ್ ಎಂಬ ಪದ ಇಲ್ಲದೆ ಬೆಲೆ ಮಾತ್ರ ಕಡಿಮೆ ಇದ್ದರೆ ಅನುಮಾನ ಪಡಿ.
- ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿಸಿದ ಮಾರಾಟಗಾರರ ಮೂಲಕ ಮಾಡಿಸಿದರೆ ಮಾತ್ರ ಸಬ್ಸಿಡಿ. ಅವರ ಹೆಸರು ಪಟ್ಟಿಯಲ್ಲಿದೆಯೇ ಎಂದು ಮನೆಯ ಮಕ್ಕಳಿಂದ ಮೊಬೈಲ್‌ನಲ್ಲಿ ನೋಡಿಸಿ.

6. ಕೊಟೇಶನ್ ಕಾಗದವನ್ನು ಸಾಲು ಸಾಲಾಗಿ ಓದುವುದು

ಕನಿಷ್ಠ ಮೂರು ಕೊಟೇಶನ್ ತರಿಸಿ. ಮೂರರಲ್ಲೂ ಕೆಳಗಿನವು ಇವೆಯೇ ನೋಡಿ.

ಪ್ಯಾನೆಲ್: ಕಂಪನಿ, ಮಾಡೆಲ್, ಒಂದರ ವ್ಯಾಟ್, ಎಷ್ಟು ಸಂಖ್ಯೆ. 540 ವ್ಯಾಟ್‌ನ 6 ಪ್ಯಾನೆಲ್ ಎಂದರೆ 3,240 ವ್ಯಾಟ್. "ಉತ್ತಮ ಗುಣಮಟ್ಟದ ಪ್ಯಾನೆಲ್" ಎಂದಷ್ಟೇ ಬರೆದಿದ್ದರೆ ಅದು ಕೊಟೇಶನ್ ಅಲ್ಲ. ತಯಾರಿಕೆ ದೋಷಕ್ಕೆ ಎಷ್ಟು ವರ್ಷ, ಉತ್ಪಾದನೆಗೆ ಎಷ್ಟು ವರ್ಷ ಗ್ಯಾರಂಟಿ ಎಂದು ಬೇರೆ ಬೇರೆಯಾಗಿ ಬರೆದಿರಬೇಕು. "25 ವರ್ಷ ಗ್ಯಾರಂಟಿ" ಎನ್ನುವುದು ಹೆಚ್ಚಾಗಿ ಉತ್ಪಾದನೆಗೆ ಸೇರಿದ್ದು. ಒಡೆದರೆ, ಕೆಟ್ಟರೆ ಬದಲಿಸಿಕೊಡುವ ಅವಧಿ ಅದಕ್ಕಿಂತ ಕಡಿಮೆ ಇರುತ್ತದೆ.

ಇನ್ವರ್ಟರ್: ಕಂಪನಿ, ಸಾಮರ್ಥ್ಯ, ಗ್ಯಾರಂಟಿ ವರ್ಷ. ಇಡೀ ವ್ಯವಸ್ಥೆಯಲ್ಲಿ ಮೊದಲು ಕೈಕೊಡುವ ಭಾಗ ಸಾಮಾನ್ಯವಾಗಿ ಇದೇ. ಪ್ಯಾನೆಲ್ 3 ಕಿಲೋವ್ಯಾಟ್ ಇದ್ದು ಇನ್ವರ್ಟರ್ 2 ಕಿಲೋವ್ಯಾಟ್ ಇದ್ದರೆ ಸಬ್ಸಿಡಿ ಎರಡರಲ್ಲಿ ಕಡಿಮೆ ಇರುವುದಕ್ಕೆ ಲೆಕ್ಕವಾಗುತ್ತದೆ. ಕೆಟ್ಟಾಗ ರಿಪೇರಿ ಎಲ್ಲಿ? ತಾಲ್ಲೂಕಿನಲ್ಲೋ, ಬೆಂಗಳೂರಿನಲ್ಲೋ?

ಸ್ಟ್ಯಾಂಡ್: ಬಿಸಿ ಸತು ಲೇಪನ ಮಾಡಿದ ಜಿಐ ಅಥವಾ ಅಲ್ಯೂಮಿನಿಯಂ ಎಂದು ಬರೆದಿರಲಿ. ಬರೀ ಬಣ್ಣ ಹೊಡೆದ ಕಬ್ಬಿಣ ಬೇಡ. ಹೊಸ ತಾರಸಿಗೆ ತೂತು ಕೊರೆದು ಬೋಲ್ಟ್ ಹಾಕುತ್ತಾರೋ, ಕಾಂಕ್ರೀಟ್ ಕಟ್ಟೆ ಕಟ್ಟಿ ನಿಲ್ಲಿಸುತ್ತಾರೋ ಕೇಳಿ. ಕೊರೆದರೆ ನೀರು ಸೋರದಂತೆ ಮಾಡುವ ಹೊಣೆ ಯಾರದು ಎಂಬುದು ಕಾಗದದಲ್ಲಿರಬೇಕು.

ರಕ್ಷಣೆ: ಡಿಸಿ ಮತ್ತು ಎಸಿ ಬಾಕ್ಸ್, ಸರ್ಜ್ ತಡೆಯುವ ಸಾಧನ, ಸಿಡಿಲು ತಡೆಯುವ ಕಂಬಿ, ಡಿಸಿ, ಎಸಿ ಮತ್ತು ಸಿಡಿಲು ಕಂಬಿಗೆ ಬೇರೆ ಬೇರೆಯಾಗಿ ಮೂರು ಅರ್ಥಿಂಗ್ ಗುಂಡಿ. ಕಡಿಮೆ ಬೆಲೆಯ ಕೊಟೇಶನ್‌ನಲ್ಲಿ ಕೈಬಿಡುವುದು ಇವನ್ನೇ.

ಜಿಎಸ್‌ಟಿ: 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ತೆರಿಗೆ ಶೇ 12ರಿಂದ 5ಕ್ಕೆ ಇಳಿದಿದೆ. ಸಾಮಗ್ರಿ ಶೇ 70, ಕೂಲಿ ಶೇ 30 ಎಂದು ಹಿಡಿಯುವ ಲೆಕ್ಕದಲ್ಲಿ ಒಟ್ಟು ತೆರಿಗೆ ಶೇ 13.8 ಇದ್ದದ್ದು ಶೇ 8.9 ಆಗಿದೆ. 1,90,000 ಮೂಲ ಬೆಲೆಗೆ ಸುಮಾರು 9,300 ರೂಪಾಯಿ ವ್ಯತ್ಯಾಸ. ಹಳೆಯ ದರ ಹಾಕಿದ್ದರೆ ತಿದ್ದಿಸಿ.

ಸೇರಿಲ್ಲದ ಖರ್ಚು: ನೆಟ್ ಮೀಟರ್, ಅರ್ಜಿ ಶುಲ್ಕ, ಹೆಚ್ಚುವರಿ ವೈರ್, ಎತ್ತರದ ಸ್ಟ್ಯಾಂಡ್, ಸಾಗಾಣಿಕೆ. "ಇದೆಲ್ಲ ಸೇರಿದೆ" ಎಂದು ಬಾಯಲ್ಲಿ ಹೇಳಿದರೆ ಸಾಲದು, ಬರೆಸಿಕೊಳ್ಳಿ.

ನಿರ್ವಹಣೆ: ಯೋಜನೆಯಡಿ ಮಾರಾಟಗಾರರು 5 ವರ್ಷ ನಿರ್ವಹಣೆ ಮಾಡಿಕೊಡಬೇಕು. ವರ್ಷಕ್ಕೆ ಎಷ್ಟು ಸಲ ಬರುತ್ತಾರೆ, ದೂರು ಕೊಟ್ಟ ಎಷ್ಟು ದಿನದೊಳಗೆ ಬರುತ್ತಾರೆ ಎಂದು ಸೇರಿಸಿ.

7. ಕರೆಂಟ್ ಹೋದಾಗ ಏನಾಗುತ್ತದೆ?

"ಸೋಲಾರ್ ಹಾಕಿಸಿದರೆ ಕರೆಂಟ್ ಹೋದರೂ ಹಾಲು ಕರೆಯುವ ಯಂತ್ರ ಓಡುತ್ತದಲ್ಲ?" ಇದು ನನಗೆ ಹೆಚ್ಚು ಸಲ ಬಂದ ಪ್ರಶ್ನೆ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವ ಬ್ಯಾಟರಿ ಇಲ್ಲದ ವ್ಯವಸ್ಥೆಯಲ್ಲಿ ಓಡುವುದಿಲ್ಲ. ಲೈನಿನಲ್ಲಿ ಕರೆಂಟ್ ನಿಂತ ಕೂಡಲೇ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ನಿಮ್ಮ ತಾರಸಿಯ ಕರೆಂಟ್ ಲೈನಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಕುತ್ತು. ಹಾಗಾಗಿ ಇದು ದೋಷವಲ್ಲ, ರಕ್ಷಣೆ.

ಅದೂ ಅಲ್ಲದೆ ನಾವು ಹಾಲು ಕರೆಯುವುದು ಬೆಳಗಿನ ಜಾವ ಮತ್ತು ಸಂಜೆ. ಆ ಹೊತ್ತಿಗೆ ಬಿಸಿಲೇ ಇರುವುದಿಲ್ಲ. ಹಗಲು ಲೈನಿಗೆ ಕೊಟ್ಟ ಯೂನಿಟ್ಟನ್ನು ಬೆಳಿಗ್ಗೆ ಸಂಜೆ ವಾಪಸ್ ಪಡೆಯುವ ಲೆಕ್ಕವೇ ನೆಟ್ ಮೀಟರ್. ಮೇವು ಕತ್ತರಿಸುವುದು, ಟ್ಯಾಂಕ್ ತುಂಬಿಸುವುದನ್ನು ಹಗಲಿಗೆ ಇಟ್ಟುಕೊಂಡರೆ ಒಳ್ಳೆಯದು.

ಕರೆಂಟ್ ಹೋದರೂ ಯಂತ್ರ ಓಡಬೇಕು ಎನ್ನುವವರಿಗೆ ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆ ಬೇಕು. ಅದರ ಬೆಲೆ ಬೇರೆ, ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಾಯಿಸುವ ಖರ್ಚೂ ಬೇರೆ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಆದ್ದರಿಂದ "ನನ್ನ 1 ಎಚ್‌ಪಿ ಯಂತ್ರವನ್ನು ಬ್ಯಾಟರಿಯಲ್ಲಿ ಶುರು ಮಾಡಿ ತೋರಿಸಿದ ಮೇಲೆ ಕೊನೆಯ ಕಂತು" ಎಂದು ಷರತ್ತು ಹಾಕಿ. ದೀಪ, ಫ್ಯಾನ್ ಸಾಕು ಎನ್ನುವವರಿಗೆ ಸಾಮಾನ್ಯ ಯುಪಿಎಸ್ ಬ್ಯಾಟರಿಯೇ ಅಗ್ಗ.

8. ಕೊಟ್ಟಿಗೆ ಇರುವ ಮನೆಗೆ ವಿಶೇಷ ಎಚ್ಚರಿಕೆ

ಇಲ್ಲಿಂದ ಮುಂದಿನದು ಪಶುವೈದ್ಯನಾಗಿ ನನ್ನ ಮಾತು. ಸೋಲಾರ್ ಕಂಪನಿಯವರಿಗೆ ಹಸುವಿನ ವಿಷಯ ಗೊತ್ತಿರುವುದಿಲ್ಲ, ನೀವೇ ಹೇಳಬೇಕು.

ಅರ್ಥಿಂಗ್ ಗುಂಡಿ ಕೊಟ್ಟಿಗೆಯಿಂದ ದೂರವಿರಲಿ. ಹಸುವಿನ ಮೈಯಲ್ಲಿ ಕರೆಂಟ್ ನಮಗಿಂತ ಸುಲಭವಾಗಿ ಹರಿಯುತ್ತದೆ. ನಾಲ್ಕು ಕಾಲು ಗಂಜಲದಿಂದ ಒದ್ದೆಯಾದ ನೆಲದ ಮೇಲೆ, ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ಸಿಡಿಲು ಕಂಬಿಯ ಮೂಲಕ ನೆಲಕ್ಕಿಳಿದಾಗ ಗುಂಡಿಯ ಸುತ್ತಲಿನ ಮಣ್ಣಿನಲ್ಲಿ ಕರೆಂಟ್ ಹರಡುತ್ತದೆ. ಅಲ್ಲಿ ನಿಂತ ಹಸುವಿನ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಮರದ ಕೆಳಗೆ ನಿಂತ ದನಗಳು ಸಿಡಿಲಿಗೆ ಸಾಯುವುದು ಹೆಚ್ಚಾಗಿ ಹೀಗೆಯೇ. ಆದ್ದರಿಂದ ಕಂಬಿಯ ತಂತಿ ಕೊಟ್ಟಿಗೆ ಗೋಡೆಯ ಮೇಲೆ ಇಳಿಯಬಾರದು. ಗುಂಡಿ ಮನೆಯ ಎದುರು ಬದಿಗಿರಲಿ, ದನ ಓಡಾಡುವ ದಾರಿಯಲ್ಲಿ ಬೇಡ.

ಸೋರುವ ಕರೆಂಟ್ ಹಾಲನ್ನು ಕಡಿಮೆ ಮಾಡುತ್ತದೆ. ಪೆಟ್ಟು ಬಿದ್ದು ಸಾಯುವಷ್ಟು ಕರೆಂಟ್ ಇರಬೇಕಿಲ್ಲ. ನಮ್ಮ ಕೈಗೆ ತಿಳಿಯದಷ್ಟು ಸಣ್ಣ ಸೋರಿಕೆಯೂ ಹಸುವಿಗೆ ತಿಳಿಯುತ್ತದೆ. ನೀರಿನ ತೊಟ್ಟಿಗೆ ಬಾಯಿ ಹಾಕಲು ಹಿಂಜರಿಯುವುದು, ನಾಲಿಗೆಯಿಂದ ನೆಕ್ಕಿ ಕುಡಿಯುವುದು, ಕರೆಯುವಾಗ ಕಾಲು ಎತ್ತಿ ಇಡುವುದು, ಒದೆಯುವುದು, ಹಾಲು ತೊರೆ ಬಿಡದಿರುವುದು ಇದರ ಲಕ್ಷಣ. ಹೆದರಿದ ಹಸು ಹಾಲನ್ನು ಮೇಲಕ್ಕೆ ಹಿಡಿಯುತ್ತದೆ. ಸೋಲಾರ್ ಅಥವಾ ಯಾವುದೇ ಹೊಸ ವೈರಿಂಗ್ ಆದ ವಾರದಲ್ಲಿ ಇಂಥ ಬದಲಾವಣೆ ಕಂಡರೆ ಕೆಚ್ಚಲು ಪರೀಕ್ಷೆಯ ಜೊತೆಗೆ ಅರ್ಥಿಂಗ್ ಪರೀಕ್ಷೆಯನ್ನೂ ಮಾಡಿಸಿ. ಕೊಟ್ಟಿಗೆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಕಡ್ಡಾಯವಾಗಿ ಹಾಕಿಸಿ. ನಿಮ್ಮ ಜೀವವನ್ನೂ ಅದು ಕಾಯುತ್ತದೆ.

ಇನ್ವರ್ಟರ್ ಕೊಟ್ಟಿಗೆಯೊಳಗೆ ಬೇಡ. ಗಂಜಲದಿಂದ ಏಳುವ ಅಮೋನಿಯಾ ಕಣ್ಣು ಉರಿಸುವಂತೆಯೇ ತಾಮ್ರ, ಲೋಹದ ಭಾಗಗಳನ್ನೂ ತಿನ್ನುತ್ತದೆ. ಮೇವಿನ ಧೂಳು ಇನ್ವರ್ಟರ್‌ನ ಗಾಳಿ ಕಿಂಡಿ ಮುಚ್ಚುತ್ತದೆ. ಪ್ಯಾನೆಲ್ ಕೊಟ್ಟಿಗೆಗೆ ತೀರಾ ಹತ್ತಿರ ಬರುವುದಾದರೆ ಅಮೋನಿಯಾ ತಾಳಿಕೆಗೆ ಐಇಸಿ 62716 ಪರೀಕ್ಷೆ ಆದ ಪ್ಯಾನೆಲ್ ಕೇಳಿ.

ಕೊಟ್ಟಿಗೆಯ ಶೀಟಿನ ಮೇಲೆ ಆತುರ ಬೇಡ. ಸಿಮೆಂಟ್ ಶೀಟು ಮೇಲೆ ಹತ್ತಿದರೆ ಒಡೆಯುತ್ತದೆ. ತಗಡಿನ ಶೀಟಿಗೂ ಕೆಳಗಿನ ಕಬ್ಬಿಣದ ಕಟ್ಟು ಭಾರ ಮತ್ತು ಗಾಳಿ ತಡೆಯುತ್ತದೆಯೇ ಎಂದು ತಿಳಿದವರಿಂದ ನೋಡಿಸಿ.

ಹುಲ್ಲಿನ ಬಣವೆ ದೂರವಿರಲಿ. ಪ್ಯಾನೆಲ್‌ನಿಂದ ಬರುವ ಡಿಸಿ ವೈರ್ ಹಗಲೆಲ್ಲ ಜೀವಂತ. ಇಲಿ ಕಡಿದ ಜಾಗದಲ್ಲಿ ಕಿಡಿ ಎದ್ದರೆ ಒಣ ಹುಲ್ಲಿಗೆ ಅಷ್ಟೇ ಸಾಕು. ವೈರ್ ಪೂರ್ತಿ ಪೈಪಿನೊಳಗಿರಲಿ.

9. ಸಾಲ ಮತ್ತು ಬಟವಾಡೆ

1 ಲಕ್ಷ ಸಾಲ, ಶೇ 7 ಬಡ್ಡಿ, 5 ವರ್ಷ ಎಂದರೆ ತಿಂಗಳ ಕಂತು ಸುಮಾರು 1,980 ರೂಪಾಯಿ. ಮೇಲಿನ ಎರಡನೇ ಮನೆಗೆ 2 ಕಿಲೋವ್ಯಾಟ್‌ನಿಂದ ತಿಂಗಳಿಗೆ ಉಳಿಯುವುದು 1,580. ಉಳಿದ 400 ಹಾಲಿನ ಹಣದಿಂದ ಬರಬೇಕು. ಬತ್ತುವ ತಿಂಗಳುಗಳಲ್ಲೂ ಅದು ಸಾಧ್ಯವೇ ಎಂದು ನೋಡಿ. ಸಬ್ಸಿಡಿ 60,000 ಬಂದ ದಿನವೇ ಸಾಲಕ್ಕೆ ಕಟ್ಟಿಬಿಟ್ಟರೆ ಕಂತು ಹಗುರವಾಗುತ್ತದೆ. ಪಶು ಆಹಾರ, ಖನಿಜ ಮಿಶ್ರಣ, ವಿಮೆಯ ಹಣವನ್ನು ಕತ್ತರಿಸಿ ಸೋಲಾರ್ ಕಂತು ಕಟ್ಟಬೇಡಿ. ಆ ಕಡಿತವನ್ನು ಹಸು ಮುಂದಿನ ಸೂಲಿನಲ್ಲಿ ತೋರಿಸುತ್ತದೆ.

ಸಾಲದ ಕಾಗದ ನಿಮ್ಮ ಹೆಸರಿನಲ್ಲಿದ್ದರೆ ನೀವೇ ಓದಿ, ಇಲ್ಲವೇ ಓದಿಸಿ ಕೇಳಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಬೇಡ. ಮೊಬೈಲ್‌ಗೆ ಬಂದ ಒಟಿಪಿ ಯಾರಿಗೂ ಹೇಳಬೇಡಿ.

10. ಕತ್ತರಿಸಿ ಇಟ್ಟುಕೊಳ್ಳಿ: ಸಹಿಗೆ ಮೊದಲು ಹತ್ತು ಪ್ರಶ್ನೆ

1. ನನ್ನ ಮನೆಯ ತಿಂಗಳ ಬಳಕೆ ಎಷ್ಟು ಯೂನಿಟ್? ಅದರಲ್ಲಿ ಹಣ ಕಟ್ಟುವುದು ಎಷ್ಟಕ್ಕೆ?
2. ಗೃಹಜ್ಯೋತಿ ಅರ್ಹತೆ ಈಗ ಎಷ್ಟು, ಮುಂದಿನ ವರ್ಷ ಎಷ್ಟು?
3. ಉತ್ಪಾದನೆಯ ಲೆಕ್ಕ ವರ್ಷದ ಸರಾಸರಿಯೇ?
4. ಒಂದು ಕಿಲೋವ್ಯಾಟ್ ಕಡಿಮೆ ಹಾಕಿದರೆ ಬೆಲೆ ಎಷ್ಟು, ಹಣ ವಾಪಸ್ ಎಷ್ಟು ವರ್ಷಕ್ಕೆ?
5. ಪ್ಯಾನೆಲ್ ಡಿಸಿಆರ್ ಹೌದೇ? ಕಂಪನಿ, ಮಾಡೆಲ್ ಬರೆದಿದೆಯೇ?
6. ಸಬ್ಸಿಡಿ ಯಾರ ಖಾತೆಗೆ? ಅಲ್ಲಿಯವರೆಗೆ ಪೂರ್ತಿ ಹಣ ಯಾರು ಕೊಡುವುದು?
7. ಲೋಡ್ ಹೆಚ್ಚಿಸಬೇಕೇ? ನಿಗದಿತ ಶುಲ್ಕ ಎಷ್ಟು ಏರುತ್ತದೆ?
8. ಕರೆಂಟ್ ಹೋದಾಗ ಏನು ಓಡುತ್ತದೆ, ಏನು ಓಡುವುದಿಲ್ಲ?
9. ಮೂರು ಅರ್ಥಿಂಗ್ ಗುಂಡಿ ಎಲ್ಲಿ? ಕೊಟ್ಟಿಗೆಯಿಂದ ಎಷ್ಟು ದೂರ?
10. ತಾರಸಿ ಸೋರಿದರೆ, ಇನ್ವರ್ಟರ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಎಷ್ಟು ದಿನಕ್ಕೆ ಬರುತ್ತಾರೆ?

ಹತ್ತಕ್ಕೂ ಬರಹದಲ್ಲಿ ಉತ್ತರ ಕೊಟ್ಟವರ ಜೊತೆ ವ್ಯವಹಾರ ಮಾಡಿ. "ಈ ತಿಂಗಳೇ ಕೊನೆ, ಇವತ್ತೇ ಅಡ್ವಾನ್ಸ್ ಕೊಡಿ" ಎಂದು ಅವಸರ ಮಾಡುವವರಿಗೆ, "ಒಂದು ವಾರ ಬಿಟ್ಟು ಬನ್ನಿ" ಎನ್ನಿ. ಸಂಘದ ಮುಂದಿನ ಸಭೆಗೆ ನಾಲ್ಕೈದು ಜನ ತಮ್ಮ ತಮ್ಮ ಕೊಟೇಶನ್ ತಂದು ಪಕ್ಕಪಕ್ಕ ಇಟ್ಟು ಓದಿದರೆ ಇನ್ನೂ ಒಳ್ಳೆಯದು. ಒಂದೇ ಊರಿನಲ್ಲಿ ಒಂದೇ ಸಾಮಾನಿಗೆ ಎಷ್ಟು ಬಗೆಯ ಬೆಲೆ ಹೇಳಿದ್ದಾರೆ ಎಂಬುದು ಅಲ್ಲೇ ಬಯಲಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ: ಬೇಸಿಗೆಯಲ್ಲಿ ಮಿಶ್ರತಳಿ ಹಸುಗಳ ಆರೈಕೆ.